ಕೀಲಿ ಯಾರ ಜೇಬಿನಲ್ಲಿದೆ ಎಂಬುದೇ ಪ್ರಶ್ನೆ

ಗಂಗಾವತಿ ಕಡೆಯ ಸಹೋದರರೇ, ಪಂಚಾಯಿತಿಯ ಮಹಿಳಾ ಸ್ಥಾನಕ್ಕೆ ತಾಯಿಯನ್ನು ನಿಲ್ಲಿಸಬೇಕೆ, ಹೇಗಿದ್ದರೂ ಆಳುವವರು ಗಂಡಸರೇ ಅಲ್ಲವೇ ಎಂದು ಕೇಳಿದ್ದೀರಿ. ನಿಲ್ಲಲಿ. ಆದರೆ ಮೊದಲು ಅವರನ್ನೇ ಕೇಳಿ. ನೀವು ಬರೆದದ್ದರಲ್ಲಿ ಅವರ ಮಾತು ಒಂದೂ ಇಲ್ಲ.

ಸಿಂಧನೂರು ತಾಲ್ಲೂಕಿನ ನಮ್ಮೂರಲ್ಲಿ ಚಿಕ್ಕಮ್ಮ ಅಧ್ಯಕ್ಷೆಯಾಗಿದ್ದರು. ಬಿಲ್ಲಿಗೆ ಸಹಿ ಹಾಕುವ, ಪೆನ್‌ಡ್ರೈವ್‌ನಂಥ ಡಿಜಿಟಲ್ ಕೀಲಿ ಮೊದಲ ಆರು ತಿಂಗಳು ಚಿಕ್ಕಪ್ಪನ ಅಂಗಿ ಜೇಬಿನಲ್ಲಿ, ಎಲೆ ಅಡಿಕೆಯ ಜೊತೆಗಿತ್ತು. ನಡಾವಳಿ ಪುಸ್ತಕ ಮನೆಗೇ ಬರುತ್ತಿತ್ತು. ರೊಟ್ಟಿ ಬಡಿಯುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕುತ್ತಿದ್ದರು. ಹಾಳೆಯ ಅಂಚಿನಲ್ಲಿ ಜೋಳದ ಹಿಟ್ಟು. ಒಂದು ದಿನ, ತೋಡದೇ ಇದ್ದ ಚರಂಡಿಗೂ ಬಿಲ್ಲು ಬಂತು. ಅಂದೇ ಚಿಕ್ಕಮ್ಮ ಕೀಲಿಯನ್ನು ಕಸಿದುಕೊಂಡರು. ಮುಂದಿನ ಸಭೆಗೆ ಚಿಕ್ಕಮ್ಮ ಒಳಗೆ, ಚಿಕ್ಕಪ್ಪ ಹೊರಗೆ ಕಟ್ಟೆಯ ಮೇಲೆ. ಮನೆಯಲ್ಲಿ ಎರಡು ವಾರ ಮಾತಿರಲಿಲ್ಲ, ಅದು ಬೇರೆ ಕಥೆ.

ಈ ಸ್ಥಾನ ಯಾರೂ ಕೊಟ್ಟ ಭಿಕ್ಷೆಯಲ್ಲ. 1983ರ ನಮ್ಮ ರಾಜ್ಯದ ಪಂಚಾಯಿತಿ ಕಾಯ್ದೆಯಲ್ಲೇ ಮಹಿಳೆಯರಿಗೆ ಶೇ 25 ಮೀಸಲಾತಿ ಇತ್ತು, ಸಂವಿಧಾನದ 73ನೇ ತಿದ್ದುಪಡಿ ಅದನ್ನು ಮೂರನೇ ಒಂದಕ್ಕೆ ಏರಿಸಿತು, 2010ರಲ್ಲಿ ನಮ್ಮ ರಾಜ್ಯದಲ್ಲಿ ಅದು ಶೇ 50 ಆಯಿತು. ವಿಧಾನಸಭೆ, ಲೋಕಸಭೆಗೆ ಮೂರನೇ ಒಂದು ಎಂದು 2023ರಲ್ಲಿ 106ನೇ ತಿದ್ದುಪಡಿ ಬಂದರೂ ಜನಗಣತಿ, ಕ್ಷೇತ್ರ ಮರುವಿಂಗಡಣೆ ಎಂಬ ಷರತ್ತುಗಳನ್ನು ಅಂಟಿಸಿದ್ದಾರೆ. ಬಳ್ಳಾರಿಯಂತೂ ಮಹಿಳಾ ಮೀಸಲಾತಿ ಇಲ್ಲದೆಯೇ ಬಸವರಾಜೇಶ್ವರಿ ಅವರನ್ನು ಲೋಕಸಭೆಗೆ ಕಳುಹಿಸಿತ್ತು. 1999ರಲ್ಲಿ ಅಲ್ಲಿನ ಮುಖ್ಯ ಸ್ಪರ್ಧಿಗಳಿಬ್ಬರೂ ಹೆಂಗಸರೇ.

ತಾಯಿ ಗೆದ್ದು ಅಧ್ಯಕ್ಷೆಯಾದರೆ, ಕೀಲಿಯನ್ನೂ ಅದರ ಪಾಸ್‌ವರ್ಡನ್ನೂ ನಿಮಗೆ ಕೂಡ ಕೊಡಬಾರದೆಂದು ಅವರಿಗೆ ಹೇಳಿ.