ಸೈನ್ ಹಾಕಿ ಬಂದ್ಮೇಲೆ ನಾತಿಚರಾಮಿ ಅಂದ್ರೆ ಹೇಗೆ?

ಸಕಲೇಶಪುರದ ಹುಡುಗಿಯೊಬ್ಬಳ ಪತ್ರ ಓದಿ ಮೊನ್ನೆ ರಾತ್ರಿ ಸರಿಯಾಗಿ ನಿದ್ದೆ ಬರ್ಲಿಲ್ಲ. ಅವಳಿಗೆ 27, ಹುಡುಗ ಚಿಕ್ಕಮಗಳೂರಿನ ಕ್ಯಾಥೊಲಿಕ್, ಐದು ವರ್ಷದ ಪ್ರೀತಿ, ಎರಡೂ ಮನೇಲಿ ಅತ್ತು ಕರೆದು ಅಂತೂ ಒಪ್ಪಿದಾರೆ. ಶನಿವಾರ ಅವರ ಚರ್ಚಲ್ಲಿ ಮದುವೆ, ಭಾನುವಾರ ಹಾಸನದ ಛತ್ರದಲ್ಲಿ ಧಾರೆ. 'ನಾನು ನಂಬದ ದೇವರ ಮುಂದೆ ಪ್ರಮಾಣ ಮಾಡಿದ್ರೆ ಸುಳ್ಳು ಹೇಳಿದ ಹಾಗಾಗಲ್ವಾ? ಅಮ್ಮ ಬೇಡ ಅಂತಾರೆ, ಚರ್ಚಲ್ಲಿ ಪ್ರಮಾಣ ಮಾಡಿದ್ರೆ ನಾನು ಧಾರೆಗೆ ಬರಲ್ಲ ಅಂತ ಸೋದರಮಾವ ಹಟ ಹಿಡಿದಿದಾರೆ.' ಎರಡು ಪುಟ ಪೂರ್ತಿ ಇದೇ. ಕೊನೇಲಿ ಒಂದೇ ಒಂದು ಸಾಲು, 'ಮಕ್ಕಳ ವಿಷಯಕ್ಕೆ ಇವರು ಫಾದರ್ ಹತ್ರ ಯಾವ್ದೋ ಫಾರಂಗೆ ಸೈನ್ ಹಾಕಿದಾರಂತೆ, ಅವರ ಆಂಟಿ ಸುಮ್ನೆ ಹಾಕು ಅಂದ್ರಂತೆ, ಅದೇನು ದೊಡ್ಡದಲ್ಲ ಬಿಡಿ.'

ತಂಗಿ, ದೊಡ್ಡದು ಅದೇ.

ನೀನು ಕೇಳಿದ್ದಕ್ಕೆ ಮೊದ್ಲು ಹೇಳ್ಬಿಡ್ತೀನಿ. ಚರ್ಚಲ್ಲಿ ನೀನು ಹೇಳೋದು ಸುಖದಲ್ಲೂ ಕಷ್ಟದಲ್ಲೂ, ಕಾಯಿಲೆ ಬಿದ್ದಾಗ್ಲೂ ಚೆನ್ನಾಗಿದ್ದಾಗ್ಲೂ ಇವನ ಜೊತೆ ನಿಷ್ಠೆಯಿಂದ ಇರ್ತೀನಿ ಅಂತ. ಆ ಮಾತು ಕೊಡ್ತಿರೋದು ಅವನಿಗೆ, ಮನಸ್ಸಲ್ಲಿ ಇದ್ರೆ ಅದು ಸುಳ್ಳಲ್ಲ. ನೀನು ಮತಾಂತರನೂ ಆಗ್ಬೇಕಿಲ್ಲ. ಸೋದರಮಾವನ ಚಿಂತೆ ಬಿಡು, ಅಕ್ಕನ ಮಗಳ ಧಾರೆ ದಿನ ಮನೇಲಿ ಕೂರೋಕೆ ಅವರಿಗೂ ಆಗಲ್ಲ.

ಈಗ ಆ ಫಾರಂ. ಕ್ರೈಸ್ತರಲ್ಲದವರನ್ನ ಚರ್ಚಲ್ಲಿ ಮದುವೆಯಾಗೋಕೆ ಬಿಷಪ್ಪರ ಅನುಮತಿ ಬೇಕು, ಅದಕ್ಕೆ ಕ್ಯಾಥೊಲಿಕ್ ಆದವರು ನನ್ನ ನಂಬಿಕೆ ಬಿಡಲ್ಲ, ಹುಟ್ಟೋ ಮಕ್ಕಳಿಗೆಲ್ಲ ದೀಕ್ಷಾಸ್ನಾನ ಮಾಡಿಸಿ ಕ್ಯಾಥೊಲಿಕ್ಕಾಗೇ ಬೆಳೆಸೋಕೆ ನನ್ನ ಕೈಲಾದ್ದೆಲ್ಲ ಮಾಡ್ತೀನಿ ಅಂತ ಮಾತು ಕೊಡ್ಬೇಕು. 1970ರಿಂದ ಈಚೆಗೆ ನಿನ್ನಂಥವರಿಂದ ಆ ಮಾತು ಕೇಳಲ್ಲ, ಆದ್ರೆ ಇವನು ಕೊಟ್ಟ ಮಾತು ನಿನಗೆ ಮುಂಚೆನೇ ಸ್ಪಷ್ಟವಾಗಿ ತಿಳಿಸ್ಬೇಕು ಅಂತ ಚರ್ಚಿನ ನಿಯಮದಲ್ಲೇ ಇದೆ. ಅಂದ್ರೆ ಸುಮ್ನೆ ಸೈನ್ ಹಾಕು ಅಂತ ಚರ್ಚ್ ಹೇಳಿಲ್ಲ, ಹೇಳಿದ್ದು ಆ ಆಂಟಿ. ನಂಗೆ ಹುಡುಗನ ಮೇಲೆ ಅಷ್ಟು ಕೋಪ ಇಲ್ಲ, ಮದುವೆ ತಪ್ಪಿಹೋದ್ರೆ ಅಂತ ಹೆದರಿರ್ತಾನೆ ಪಾಪ. ಆದ್ರೆ ಇನ್ನೂ ಹುಟ್ಟದ ಮಗುವಿನ ವಿಷಯದಲ್ಲಿ ಸುಮ್ನೆ ಸೈನ್ ಹಾಕು ಅನ್ನೋ ಹಿರಿಯರನ್ನ ನಾನು ಕ್ಷಮಿಸಲ್ಲ, ಅವರು ಯಾವ ಧರ್ಮದವರಾದ್ರೂ ಸರಿ.

ಭಾನುವಾರ ಪುರೋಹಿತರು ಅವನ ಬಾಯಲ್ಲಿ ಹೇಳಿಸ್ತಾರಲ್ಲ, ಧರ್ಮೇ ಚ ಅರ್ಥೇ ಚ ಕಾಮೇ ಚ ನಾತಿಚರಾಮಿ, ಹಾಗಂದ್ರೆ ಧರ್ಮದಲ್ಲಿ ನಿನ್ನನ್ನ ಮೀರಿ ನಡೆಯಲ್ಲ ಅಂತ. ಮೊದಲನೇ ಪದವೇ ಧರ್ಮ, ಅದರಲ್ಲೇ ಅವನು ನಿನ್ನ ಬಿಟ್ಟು ಒಂದು ಹೆಜ್ಜೆ ಇಟ್ಟಾಗಿದೆ. ಅರ್ಥ ಗೊತ್ತಿಲ್ದೆ ಯಾವ ಮಾತಿಗೂ ಹೂಂ ಅನ್ಬೇಡಿ ಅಂತ ಇಲ್ಲಿ ಎಷ್ಟು ಸಲ ಬರ್ದಿದೀನೋ, ಸಂಸ್ಕೃತ ಆಗ್ಲಿ ಇಂಗ್ಲಿಷ್ ಆಗ್ಲಿ. 1954ರ ವಿಶೇಷ ವಿವಾಹ ಕಾಯ್ದೇಲೂ ಗಂಡು ಹೆಣ್ಣು ತಮಗೆ ಅರ್ಥ ಆಗೋ ಭಾಷೇಲೇ ಮಾತು ಕೊಡ್ಬೇಕು ಅಂತಿದೆ.

ಅದಕ್ಕೆ ನೀನು ಮಾಡ್ಬೇಕಾದ್ದು ಒಂದೇ. ಛತ್ರಕ್ಕೆ ಬಾಕಿ ದುಡ್ಡು ಕಟ್ಟೋಕೆ ಮುಂಚೆ, ಆಂಟಿನ ಬಿಟ್ಟು ನೀವಿಬ್ರೇ ಫಾದರ್ ಹತ್ರ ಹೋಗಿ, ಆ ಫಾರಂನ ಅವನ ಕೈಲಿ ಕನ್ನಡದಲ್ಲಿ, ಸಾಲು ಸಾಲಾಗಿ ಜೋರಾಗಿ ಓದ್ಸು. ಅದೇ ಮದುವೆಗೆ ಇನ್ನೊಂದು ಧರ್ಮದ ವಿಧೀಲಿ ಮತ್ತೆ ಒಪ್ಪಿಗೆ ಕೊಡೋದನ್ನ ಚರ್ಚಿನ ನಿಯಮ ಬಿಡಲ್ಲ, ಹಾಗಾಗಿ ಭಾನುವಾರದ ಧಾರೆ ವಿಷ್ಯನೂ ಅಲ್ಲೇ ಬಾಯಿಬಿಟ್ಟು ಹೇಳಿ. ಓದಿದ್ದು ಕೇಳಿ ನಿಂಗೆ ಒಪ್ಪಿಗೆ ಆದ್ರೆ ಶನಿವಾರ ಧೈರ್ಯವಾಗಿ ಪ್ರಮಾಣ ಮಾಡು. ಆಗ್ಲಿಲ್ವಾ, ಆ ವಿಶೇಷ ವಿವಾಹ ಕಾಯ್ದೇಲೇ ರಿಜಿಸ್ಟರ್ ಮದುವೆ ಆಗಿ, ಮ್ಯಾರೇಜ್ ಆಫೀಸರಿಗೆ ನೋಟಿಸ್ ಕೊಟ್ಟು 30 ದಿನ ಕಾಯಿರಿ, ಮೂರು ಜನ ಸಾಕ್ಷಿ ಸಾಕು. ಅಲ್ಲಿ ಹೇಳೋದು ಒಂದೇ ವಾಕ್ಯ, ಇವನನ್ನ ನನ್ನ ಗಂಡ ಅಂತ ಸ್ವೀಕರಿಸ್ತೀನಿ ಅಂತ. ಮಕ್ಕಳ ಮಾತು ಅದರಲ್ಲಿ ಬರಲ್ಲ.