ಹೊಸ ಹವಳ ಮುದುಡಿದರೆ ಕೈ ಹಾಕಬೇಡಿ

ಮಳೆ ಹಿಡಿಯಿತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಹವಳ ಸಾಕುವವರ ಇದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಉಪ್ಪುನೀರಿನ ಅಕ್ವೇರಿಯಂ ಕಟ್ಟುವ ಮೊದಲ ಪಾಠಗಳನ್ನು ನಾನಿಲ್ಲಿ ಹೇಳುವುದಿಲ್ಲ. ತೊಟ್ಟಿಯ ಕೊಳೆಯಿಂದ ಹುಟ್ಟುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯದ ತೊಟ್ಟಿಗೆ ಹವಳ ತರಲೇಬಾರದು.

ಪ್ರಶ್ನೆ: ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ತಂದ ಲೆದರ್ ಕೋರಲ್ ನಾಲ್ಕು ದಿನದಿಂದ ಮುದುಡಿಕೊಂಡಿದೆ. ಮೈಮೇಲೆ ಮೇಣದಂಥ ಪೊರೆ ಬಂದಿದೆ. ಅಂಗಡಿಯವರು ಟಾನಿಕ್ ಹಾಕಲು ಹೇಳಿದರು. ಉಪ್ಪುನೀರನ್ನು ತೋಟದ ಡ್ರಮ್ಮನ್ನೇ ತೊಳೆದು ಅದರಲ್ಲಿ ಬೆರೆಸಿದ್ದೇವೆ. ಹವಳ ಸತ್ತಿದೆಯೇ? (ತೀರ್ಥಹಳ್ಳಿ)

ನೀವು ಹೇಳುವ ಲಕ್ಷಣ ಸಾವಿನದ್ದಲ್ಲ. ಸಾರ್ಕೊಫೈಟನ್ ಗುಂಪಿನ ಈ ಮೃದು ಹವಳ, ಜಾಗ ಬದಲಾದಾಗ ಮೈಮೇಲಿನ ಹೂವಿನಂಥ ಪುಟ್ಟ ಜೀವಿಗಳಾದ ಪಾಲಿಪ್‌ಗಳನ್ನೆಲ್ಲ ಒಳಕ್ಕೆಳೆದುಕೊಂಡು ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಆಮೇಲೆ ಮೈಮೇಲೆ ಕೂತ ಪಾಚಿ, ಕಸದ ಸಮೇತ ಅದನ್ನು ಕಳಚುತ್ತದೆ. ಇದಕ್ಕೆ ಎರಡು ವಾರ ಹಿಡಿದರೂ ಗಾಬರಿಪಡಬೇಕಿಲ್ಲ. ಪೊರೆ ಹವಳದ ಟೋಪಿಯಂಥ ತಲೆಯ ಅಂಚಿನಲ್ಲಿ ಮೊದಲು ಏಳುತ್ತದೆ, ಚೂರುಚೂರಾಗಿ ನೀರಿನಲ್ಲಿ ಅಲ್ಲಾಡುತ್ತದೆ. ಆ ಹೊತ್ತಿಗೆ ತಾಳ್ಮೆಗೆಟ್ಟು ಅದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುವವರಿದ್ದಾರೆ; ದಯವಿಟ್ಟು ಹಾಗೆ ಮಾಡಬೇಡಿ. ಪೊರೆಯನ್ನು ನೀರಿನ ಓಟವೇ ಬಿಡಿಸಬೇಕು. ಪಂಪಿನ ಧಾರೆ ನೇರವಾಗಿ ಹವಳಕ್ಕೆ ಬಡಿಯದೆ, ಗಾಜಿಗೆ ತಾಗಿ ತಿರುಗಿ ಬರುವಂತಿರಲಿ.

ಕತ್ತಲೆಯ ಚೀಲದಲ್ಲಿ ಬಂದ ಹವಳವನ್ನು ಮೊದಲ ದಿನವೇ ದೀಪದ ಹತ್ತಿರ ಇಟ್ಟರೆ, ಅದರ ಅಂಗಾಂಶದೊಳಗಿದ್ದು ಆಹಾರ ಒದಗಿಸುವ ಸೂಕ್ಷ್ಮ ಪಾಚಿಗೆ ಪೆಟ್ಟು ಬೀಳುತ್ತದೆ. ಹಾಗಾಗಿ ತಳದಲ್ಲಿಟ್ಟು, ಎರಡು ಮೂರು ವಾರದಲ್ಲಿ ಹಂತಹಂತವಾಗಿ ಮೇಲಕ್ಕೆ ತನ್ನಿ. ದಿನಕ್ಕೊಂದು ಜಾಗ ಬದಲಿಸಿದರೆ ಅದು ಅರಳುವುದೇ ಇಲ್ಲ. ಬುಡ ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿ ಕರಗುತ್ತಿದ್ದರೆ, ಕೊಳೆತ ವಾಸನೆ ಬಂದರೆ ಮಾತ್ರ ಕೈ ಹಾಕಿ. ಆಗ ಕೊಳೆತ ಭಾಗವನ್ನು ಶುದ್ಧ ಬ್ಲೇಡಿನಿಂದ ಕತ್ತರಿಸಿ ತೆಗೆಯಬೇಕು.

ಟಾನಿಕ್ ಬೇಡವೇ ಬೇಡ. ನೀರಿನ ಉಪ್ಪಿನಂಶ ಎಷ್ಟೆಂದು ಕೇಳದೆ ಬಾಟಲಿ ಮಾರುವವರ ಮಾತಿಗೆ ಬೆಲೆ ಕೊಡಬೇಡಿ. ಉಪ್ಪಿನಂಶ ತಿಳಿಸುವ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು, ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್, ಕ್ಷಾರೀಯತೆ (ನೀರು ಆಮ್ಲೀಯವಾಗದಂತೆ ತಡೆಯುವ ಶಕ್ತಿ) ಡಿಕೆಎಚ್ ಎಂಬ ಅಳತೆಯಲ್ಲಿ 8ರಿಂದ 10 ಇದ್ದು, ಇವು ಮೂರೂ ದಿನದಿಂದ ದಿನಕ್ಕೆ ಏರುಪೇರಾಗದಿದ್ದರೆ ಸಾಕು.

ನನಗೆ ನಿಜವಾಗಿ ಕಳವಳ ತಂದದ್ದು ಆ ಡ್ರಮ್ಮು. ತೋಟದ ಡ್ರಮ್ಮೆಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದ್ದಿರಬಹುದು; ಅದಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೀಳುತ್ತದೆ. ಮೈಲುತುತ್ತವೆಂದರೆ ತಾಮ್ರದ ಲವಣ, ಮತ್ತು ಕಣ್ಣಿಗೆ ಕಾಣದಷ್ಟು ತಾಮ್ರವೂ ಹವಳಕ್ಕೆ ವಿಷ. ಡ್ರಮ್ಮಿನ ಒಳಮೈಗೆ ಅಂಟಿದ ನೀಲಿ ಕಲೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ತೊಟ್ಟಿಯ ಕಲ್ಲು, ಮರಳು ತಾಮ್ರವನ್ನು ಹಿಡಿದಿಟ್ಟುಕೊಂಡು ಆಮೇಲೂ ನೀರಿಗೆ ಬಿಡುತ್ತವೆ. ಇವತ್ತೇ ತಾಮ್ರದ ಪರೀಕ್ಷಾ ಕಿಟ್‌ನಿಂದ ನೀರು ನೋಡಿ. ತಾಮ್ರ ಕಂಡರೆ ಹವಳವನ್ನು ಬೇರೆ ಪಾತ್ರೆಯ ಹೊಸ ಉಪ್ಪುನೀರಿಗೆ ಸಾಗಿಸಿ. ಇನ್ನು ಮುಂದೆ ಆಹಾರಕ್ಕೆ ಬಳಸುವ ದರ್ಜೆಯ ಹೊಸ ಡ್ರಮ್ಮು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಮೊತ್ತ) ಸೊನ್ನೆ ತೋರಿಸುವ, ಫಿಲ್ಟರಿನಿಂದ ಲವಣ ತೆಗೆದ ಆರ್‌ಒ-ಡಿಐ ನೀರು, ಇವೆರಡೇ ಇರಲಿ. ಔಷಧಿ ಹೊಡೆದು ಬಂದವರು ಆ ದಿನ ತೊಟ್ಟಿ ಮುಟ್ಟುವುದು ಬೇಡ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ತಾಮ್ರದ ಔಷಧಿಯೂ ಈ ತೊಟ್ಟಿಗೆ ಬೀಳಕೂಡದು.

ಪ್ರಶ್ನೆ: ಹೊನ್ನಾವರದಿಂದ ಸಮುದ್ರದ ನೀರು ತರಬಹುದೇ? (ಸಾಗರ)

ಮಳೆಗಾಲದಲ್ಲಿ ಖಂಡಿತ ಬೇಡ. ಶರಾವತಿಯ ಸಿಹಿನೀರೂ ಕೆಸರೂ ಅಲ್ಲಿ ಕಡಲು ಸೇರುತ್ತಿರುತ್ತವೆ.

ಪ್ರಶ್ನೆ: ಅಡುಗೆಯ ಕಲ್ಲುಪ್ಪು ನಡೆಯುತ್ತದೆಯೇ?

ಇಲ್ಲ.

ಪ್ರಶ್ನೆ: ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಿಂದ ಕಲ್ಲುಹವಳದ ತುಂಡು ತಂದರೆ? (ಹೊಸನಗರ)

ಅದು ಅಪರಾಧ. ಕಲ್ಲುಹವಳ, ಬೀಸಣಿಗೆಯಾಕಾರದ ಹವಳವಾದ ಸೀ ಫ್ಯಾನ್‌ಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ.

ಪ್ರಶ್ನೆ: ಝೋವಾಂಥಿಡ್ (ಹವಳದ ಸಂಬಂಧಿಯಾದ ಮೃದು ಜೀವಿ) ಹಬ್ಬಿದ ಕಲ್ಲನ್ನು ಕುದಿಸಿ ಶುದ್ಧ ಮಾಡಬಹುದೇ? (ಶಿವಮೊಗ್ಗ)

ಯಾವ ಕಾರಣಕ್ಕೂ ಕುದಿಸಬೇಡಿ. ಇವುಗಳಲ್ಲಿ ಕೆಲವು ಜಾತಿಗಳು ಪಾಲಿಟಾಕ್ಸಿನ್ ಎಂಬ ಘೋರ ವಿಷ ಹೊಂದಿರುತ್ತವೆ. ಕುದಿಸಿದ ಆವಿಯಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ. ಕೈಗವಸು, ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಳ್ಳದೆ ಆ ಕಲ್ಲನ್ನು ಮುಟ್ಟಲೂ ಬೇಡಿ. ಕೈಯಲ್ಲಿ ಗಾಯವಿದ್ದರೆ ಆ ಕೆಲಸ ಬೇರೆಯವರು ಮಾಡಲಿ.