ಎಮಿನೆಮ್ ಪದ್ಯಕಾರನೇ, ಬರೀ ಮಾತುಗಾರನೇ?

ಪ್ರಶ್ನೆ: ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಕಾಲೇಜಿಗೆ ಹೋಗುವ ನನ್ನ ಮಗಳು ಅಮೆರಿಕದ ರ‍್ಯಾಪರ್ ಎಮಿನೆಮ್‌ನ ಹಾಡುಗಳನ್ನು ಹಾಕಿಕೊಂಡು ಕೂರುತ್ತಾಳೆ. ಅವನಂಥ ಗೀತರಚನೆಕಾರ ಇನ್ನೊಬ್ಬನಿಲ್ಲ ಎಂಬುದು ಅವಳ ವಾದ. ನನಗೆ ಕೇಳಿಸುವುದು ಬಡಬಡಿಕೆ, ಕೊನೆಯ ಪ್ರಾಸ ಮತ್ತು ಹೆಂಗಸರ ಮೇಲಿನ ಬೈಗುಳ ಮಾತ್ರ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಲೆ ಕೇಳಿ ಬೆಳೆದ ನನಗೆ ಇದನ್ನು ಸಾಹಿತ್ಯವೆಂದು ಒಪ್ಪಲು ಮನಸ್ಸು ಬರುತ್ತಿಲ್ಲ. ತಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಮಗಳ ಮಾತಿನಲ್ಲಿ ಹುರುಳಿದೆ. ಆದರೆ ಆಕೆ ವೇಗವನ್ನು ಮುಂದಿಟ್ಟುಕೊಂಡು ವಾದಿಸುತ್ತಿದ್ದರೆ ಆ ವಾದಕ್ಕೆ ಬಲ ಸಾಲದು. 2013ರಲ್ಲಿ ಬಂದ ‘ರ‍್ಯಾಪ್ ಗಾಡ್’ ಎಂಬ ಹಾಡಿನಲ್ಲಿ ಆರು ನಿಮಿಷ ನಾಲ್ಕು ಸೆಕೆಂಡುಗಳಲ್ಲಿ 1,560 ಪದಗಳಿವೆ ಎಂದು ಗಿನ್ನೆಸ್ ದಾಖಲೆಯಾಯಿತು. ಉಸಿರಿನ ಮೇಲೆ, ನಾಲಿಗೆಯ ಮೇಲೆ ಆತನಿಗಿರುವ ಹಿಡಿತಕ್ಕೆ ಅದು ಸಾಕ್ಷಿ; ಪದ್ಯ ಕಟ್ಟುವ ಕಸುಬನ್ನು ಅಳೆಯಲು ಬೇರೆ ಹಾಡು ಬೇಕು.

‘8 ಮೈಲ್’ ಚಿತ್ರಕ್ಕಾಗಿ 2002ರಲ್ಲಿ ಬಂದ ‘ಲೂಸ್ ಯುವರ್‌ಸೆಲ್ಫ್’ ಹಾಡನ್ನು ತೆಗೆದುಕೊಳ್ಳೋಣ. ಮರುವರ್ಷ ಅತ್ಯುತ್ತಮ ಗೀತೆಗಾಗಿ ಆಸ್ಕರ್ ಪಡೆದ ಮೊದಲ ರ‍್ಯಾಪ್ ಹಾಡು ಅದು. ವೇದಿಕೆ ಏರಬೇಕಾದ ಹುಡುಗನೊಬ್ಬ ಹೆದರಿದ್ದಾನೆ. ಅಂಗೈ ಬೆವೆತಿದೆ, ಮೊಣಕಾಲಿನಲ್ಲಿ ಶಕ್ತಿಯಿಲ್ಲ, ತೋಳು ಭಾರವಾಗಿದೆ, ಅಮ್ಮ ಮಾಡಿದ ಅಡುಗೆ ವಾಂತಿಯಾಗಿ ಸ್ವೆಟರಿನ ಮೇಲೆ ಬಿದ್ದಿದೆ. ಇಲ್ಲಿ ‘ಸ್ವೆಟಿ’, ‘ಹೆವಿ’, ‘ಆಲ್ರೆಡಿ’, ‘ಸ್ಪಗೆಟಿ’ ಎಂಬ ಪದಗಳು ಪ್ರಾಸವಾಗುತ್ತವೆ ಎಂಬುದು ಯಾರ ಕಿವಿಗಾದರೂ ಬೀಳುತ್ತದೆ. ಅದೇ ಹೊತ್ತಿಗೆ ಸಾಲುಗಳ ಒಳಗೆ ‘ಪಾಮ್ಸ್’, ‘ಆರ್ಮ್ಸ್’, ‘ವಾಮಿಟ್’, ‘ಮಾಮ್ಸ್’ ಎಂಬ ಮತ್ತೊಂದು ಸರಪಳಿ ಅಮೆರಿಕನ್ನರ ಉಚ್ಚಾರಣೆಯ ಒಂದೇ ‘ಆ’ ಸ್ವರವನ್ನು ಹಿಡಿದು ಸಾಗುತ್ತದೆ. ಇಷ್ಟೆಲ್ಲ ಕಟ್ಟುಪಾಡಿನ ನಡುವೆಯೂ ವಾಕ್ಯ ಎಲ್ಲಿಯೂ ತಿರುಚಿಕೊಳ್ಳುವುದಿಲ್ಲ, ಪ್ರಾಸಕ್ಕಾಗಿ ತಂದು ತುರುಕಿದ ಪದವೊಂದೂ ಸಿಗುವುದಿಲ್ಲ, ಮತ್ತು ಹುಡುಗನ ಹೆದರಿಕೆ ಒಂದು ಅಂಗದಿಂದ ಇನ್ನೊಂದು ಅಂಗಕ್ಕೆ ಹರಡುವುದನ್ನು ನಾವು ಕಣ್ಣಾರೆ ಕಾಣುತ್ತೇವೆ. ಇದು ಕಸುಬು ಬಲ್ಲವನ ಕೆಲಸ.

ನಮ್ಮ ಹಳೆಯ ಆದಿಪ್ರಾಸದ ಜೊತೆ ಇದನ್ನು ಹೋಲಿಸಿ ನೋಡುವುದು ನನಗೆ ಬಹಳ ಇಷ್ಟ. ಕಂದಪದ್ಯದಲ್ಲಿ, ಷಟ್ಪದಿಯಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಅದರ ಮೇಲಿನ ಸ್ವರ ಬದಲಾದರೆ ಅಡ್ಡಿಯಿಲ್ಲ. ಎಮಿನೆಮ್‌ನದು ಇದರ ತಿರುವುಮುರುವು: ಒತ್ತು ಬೀಳುವ ಸ್ವರ ಒಂದೇ ಇರುತ್ತದೆ, ವ್ಯಂಜನಗಳು ಬದಲಾಗುತ್ತವೆ. ಪ್ರಾಸವೊಂದಿದ್ದರೆ ಕಾವ್ಯವಾಗುವುದಿಲ್ಲ ಎಂಬುದಂತೂ ನಿಮಗೆ ತಿಳಿದಿರುವುದೇ; ನಿಮ್ಮ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ಪ್ರಾಸದ ಕಟ್ಟನ್ನೇ ಬಿಟ್ಟರು. ಹಾಗಾಗಿ ಪ್ರಾಸ ಎಷ್ಟಿದೆ ಎಂದು ಎಣಿಸುವುದಕ್ಕಿಂತ, ಅದು ಅಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ಕೇಳುವುದು ಸರಿಯಾದ ಕ್ರಮ.

ಇನ್ನು ಬೈಗುಳದ ವಿಚಾರ. 1997ರಿಂದ ಈಚೆಗೆ ಎಮಿನೆಮ್ ‘ಸ್ಲಿಮ್ ಶೇಡಿ’ ಎಂಬ ದುಷ್ಟ ಪಾತ್ರವೊಂದರ ಬಾಯಿಂದ ಮಾತನಾಡುತ್ತಾ ಬಂದಿದ್ದಾನೆ, ಆದ್ದರಿಂದ ಆ ಮಾತು ಕವಿಯದಲ್ಲ, ಪಾತ್ರದ್ದು ಎಂಬುದು ಅಭಿಮಾನಿಗಳ ಸಮಜಾಯಿಷಿ. ‘ಕೃಷ್ಣ ಸಂಧಾನ’ ಪ್ರಸಂಗದಲ್ಲಿ ಕೌರವನ ಅರ್ಥ ಹೇಳಿದವರನ್ನು, ಅಂದರೆ ಆ ಪಾತ್ರವಾಗಿ ಮಾತನಾಡಿದವರನ್ನು, ಯಾರೂ ದುಷ್ಟರೆನ್ನುವುದಿಲ್ಲ ಎಂಬುದು ನಿಮಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತು? ಆದರೆ ತಾಳಮದ್ದಲೆಯಲ್ಲಿ ಎದುರಿಗೆ ಕೃಷ್ಣ ಕುಳಿತಿರುತ್ತಾನೆ. ಕೌರವನ ಒಂದೊಂದು ಮಾತಿಗೂ ಉತ್ತರ ಬರುತ್ತದೆ. ಎಮಿನೆಮ್‌ನ ಎಷ್ಟೋ ಹಾಡುಗಳಲ್ಲಿ ಹೆಣ್ಣಿನ ಮೇಲೆ, ಸಲಿಂಗಿಗಳ ಮೇಲೆ ಎರಗುವ ಮಾತಿಗೆ ಎದುರಾಡುವವರೇ ಇಲ್ಲ. ಅಂಥ ಕಡೆ ಪಾತ್ರ ಎಂಬುದು ಕೇವಲ ನೆಪವಾಗುತ್ತದೆ. 2001ರ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭದ ವೇಳೆ ಆತನ ವಿರುದ್ಧ ನಡೆದ ಪ್ರತಿಭಟನೆ ನ್ಯಾಯವಾದದ್ದೇ ಎಂದು ನಾನು ತಿಳಿದಿದ್ದೇನೆ.

ಈ ಕಾರಣಕ್ಕಾಗಿಯೇ 2000ನೇ ಇಸವಿಯ ‘ಸ್ಟ್ಯಾನ್’ ಆತನ ಅತ್ಯುತ್ತಮ ರಚನೆ ಎಂಬುದು ನನ್ನ ದೃಢವಾದ ನಂಬಿಕೆ. ಅದರಲ್ಲಿ ಒಬ್ಬ ಹುಚ್ಚು ಅಭಿಮಾನಿ ಗಾಯಕನಿಗೆ ಪತ್ರ ಬರೆಯುತ್ತಾನೆ. ಮೊದಲನೆಯದರಲ್ಲಿ ವಿನಯವಿದೆ, ಎರಡನೆಯದರಲ್ಲಿ ಉತ್ತರ ಬಾರದ ಸಿಟ್ಟಿದೆ, ಮೂರನೆಯ ಸಲ ಆತ ಬರೆಯುವುದೇ ಇಲ್ಲ. ಬಸುರಿ ಗೆಳತಿಯನ್ನು ಕಾರಿನ ಡಿಕ್ಕಿಯಲ್ಲಿ ಕೂಡಿಹಾಕಿ, ಮಳೆಯಲ್ಲಿ ಕಾರು ಓಡಿಸುತ್ತಾ ಕ್ಯಾಸೆಟ್ಟಿನಲ್ಲಿ ಮಾತನ್ನು ದಾಖಲಿಸುತ್ತಾನೆ, ಕಾರು ಸೇತುವೆಯಿಂದ ಕೆಳಗೆ ಬೀಳುತ್ತದೆ. ನಾಲ್ಕನೆಯ ಭಾಗದಲ್ಲಿ ಗಾಯಕ ನಿಧಾನವಾಗಿ, ಸ್ನೇಹದಿಂದ ಉತ್ತರ ಬರೆಯಲು ಕೂರುತ್ತಾನೆ, ಬರೆಯುತ್ತಾ ಬರೆಯುತ್ತಾ ತಾನು ಸುದ್ದಿಯಲ್ಲಿ ಕಂಡ ಸತ್ತ ಮನುಷ್ಯ ಇವನೇ ಎಂದು ಕೊನೆಯಲ್ಲಿ ಅರಿಯುತ್ತಾನೆ. ಎದುರುಮಾತು ಇಲ್ಲಿ ಇದೆ, ಅದು ತಡವಾಗಿ ಬರುತ್ತದೆ. ಪ್ರಾಸಗಳು ಮೆರೆಯಲು ಹೋಗದೆ ಕಾಗದದ ಒಕ್ಕಣೆಯೊಳಗೆ ಅಡಗಿಕೊಂಡಿವೆ. ನೀವು ಮಗಳ ಜೊತೆ ಒಂದೇ ಒಂದು ಹಾಡು ಕೇಳುವುದಾದರೆ ಇದನ್ನು ಕೇಳಿ. ಅರ್ಥವಾಗದ ಸಾಲನ್ನು ಅವಳು ಬಿಡಿಸಿ ಹೇಳಲಿ.

ಪ್ರಶ್ನೆ: ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಮಾರ್‌ಗೆ ಪುಲಿಟ್ಜರ್ ಪ್ರಶಸ್ತಿ ಬಂದ ಮೇಲೆ ರ‍್ಯಾಪ್ ಸಾಹಿತ್ಯವೆಂದು ತೀರ್ಮಾನವಾದಂತೆ ಅಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: 2018ರಲ್ಲಿ ಆತನ ‘ಡ್ಯಾಮ್’ ಆಲ್ಬಂಗೆ ಬಂದದ್ದು ಸಂಗೀತ ವಿಭಾಗದ ಪುಲಿಟ್ಜರ್, ಕಾವ್ಯಕ್ಕೆ ಅಲ್ಲಿ ಬೇರೆಯೇ ವಿಭಾಗವಿದೆ. ಶಾಸ್ತ್ರೀಯ ಮತ್ತು ಜಾಝ್ ಸಂಗೀತದ ಹೊರಗೆ ಆ ಗೌರವ ಸಂದದ್ದು ಅದೇ ಮೊದಲು ಎಂಬುದು ದೊಡ್ಡ ಸಂಗತಿಯೇ ಸರಿ. ಆದರೂ ಪದಗಳ ಬೆಲೆಯನ್ನು ಪದಗಳಲ್ಲಿಯೇ ನೋಡಬೇಕಾಗುತ್ತದೆ.

ಪ್ರಶ್ನೆ: ನಾನು ಕನ್ನಡದಲ್ಲಿ ರ‍್ಯಾಪ್ ಬರೆಯುತ್ತೇನೆ. ಎಮಿನೆಮ್‌ನ ಹಾಗೆ ಬರೆಯಲು ಹೋದರೆ ತಾಳ ತಪ್ಪುತ್ತದೆ. ಏನು ಮಾಡಲಿ?
– ವಿದ್ಯಾರ್ಥಿ, ಸಾಗರ

ಉತ್ತರ: ಇಂಗ್ಲಿಷಿನ ಲಯ ನಿಂತಿರುವುದು ಒತ್ತಿನ ಮೇಲೆ, ಕನ್ನಡದ್ದು ಮಾತ್ರೆಯ ಮೇಲೆ, ಅಂದರೆ ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲದ ಮೇಲೆ. ಆತನ ಒತ್ತುಗಳನ್ನು ಎರವಲು ತಂದರೆ ಕನ್ನಡದ ಹ್ರಸ್ವಗಳು ದೀರ್ಘವಾಗಿ, ಪದದ ಗುರುತೇ ಸಿಗದಂತಾಗುತ್ತದೆ. ನಾಲ್ಕು ಮಾತ್ರೆಯ ಗಣಗಳಲ್ಲಿ, ಅಂದರೆ ಗುಂಪುಗಳಲ್ಲಿ, ಬರೆದು ನೋಡಿ. ‘ಕಪ್ಪನೆ ಮೋಡದ ಕೆಳಗಡೆ ಊರು’ ಎಂಬ ಸಾಲಿನಲ್ಲಿ ‘ಕಪ್ಪನೆ’ ಎಂಬುದಕ್ಕೆ ಮೂರು ಅಕ್ಷರ, ‘ಕೆಳಗಡೆ’ ಎಂಬುದಕ್ಕೆ ನಾಲ್ಕು, ಆದರೆ ಎರಡಕ್ಕೂ ಹಿಡಿಯುವ ಕಾಲ ಒಂದೇ. ‘ಊರು’ ಮೂರೇ ಮಾತ್ರೆಯಾದ್ದರಿಂದ ಉಳಿದ ಒಂದರಲ್ಲಿ ನೀವು ಉಸಿರೆಳೆದುಕೊಳ್ಳಬಹುದು. ಬೀಟು ತಾನಾಗಿಯೇ ಜೊತೆಗೂಡುತ್ತದೆ.

ಎರಡನೆಯ ಮಾತು: ನೀವು ಕಳುಹಿಸಿದ ಸಾಲುಗಳು ‘ಬರುತ್ತೇನೆ’, ‘ಗೆಲ್ಲುತ್ತೇನೆ’, ‘ತೋರಿಸುತ್ತೇನೆ’ ಎಂದು ಮುಗಿಯುತ್ತವೆ. ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಯಲ್ಲಿ ಈ ಪ್ರಾಸವನ್ನು ವ್ಯಾಕರಣವೇ ಪುಕ್ಕಟೆಯಾಗಿ ಕೊಡುತ್ತದೆ, ಅದರಲ್ಲಿ ನಿಮ್ಮ ಶ್ರಮವಿಲ್ಲ. ನಾಮಪದಕ್ಕೆ ಕ್ರಿಯಾಪದವನ್ನು ಎದುರು ನಿಲ್ಲಿಸಿ, ‘ಹೊಳೆ’ ಎಂಬುದಕ್ಕೆ ‘ಸೆಳೆ’ ಎಂಬಂತೆ. ಕ್ರಿಯಾಪದವನ್ನು ಸಾಲಿನ ನಡುವೆ ತನ್ನಿ. ಎಮಿನೆಮ್ 2010ರ ಟಿ.ವಿ. ಸಂದರ್ಶನವೊಂದರಲ್ಲಿ ಪೆಟ್ಟಿಗೆ ತುಂಬ ಇದ್ದ ಚೀಟಿಗಳನ್ನು ತೆಗೆದು ತೋರಿಸಿದ್ದ. ಹೊಳೆದ ಪದ, ಅರ್ಧ ಸಾಲು, ಪ್ರಾಸದ ಜೋಡಿ ಎಲ್ಲವನ್ನೂ ಆತ ಗೀಚಿ ಇಟ್ಟುಕೊಳ್ಳುತ್ತಿದ್ದ. ನೀವೂ ಒಂದು ನೋಟ್‌ಬುಕ್ ಇಟ್ಟುಕೊಂಡು, ಸಾಗರದ ಸಂತೆಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬಿದ್ದ ಆಡುಮಾತನ್ನು ಬರೆದುಕೊಳ್ಳಿ. ಮುಂದಿನ ಬಾರಿ ಹೊಸ ಸಾಲುಗಳನ್ನು ಕಳುಹಿಸಿದರೆ ಗಣ ವಿಂಗಡಿಸಿ ನೋಡಿ ಬರೆಯುತ್ತೇನೆ.